ಇಪ್ಪತ್ತು ಪುಟದಲ್ಲಿ ಐದು ಪುಟ ಒಂದೇ ಭಾರ ಎತ್ತೋದು

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ನಮ್ಮ ಬಡಾವಣೆ ಲೈಬ್ರರಿಯ ಮೇಲಿನ ಹಾಲ್‌ನಲ್ಲಿ ಮಾತಾಡಿದ್ದನ್ನ ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು, ಹಾಗಾಗಿ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಅಲ್ಲಿ ಪರದೆ ಮೇಲೆ ಪುಟ ತೋರಿಸ್ತಾ ಮಾತಾಡಿದ್ದು, ಇಲ್ಲಿ ಚಿತ್ರ ಇಲ್ಲ, ಅದಕ್ಕೆ ಕೆಲವು ಕಡೆ ಇನ್ನೂ ಸ್ವಲ್ಪ ಬಿಡಿಸಿ ಹೇಳಿದೀನಿ. ನಾನು ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರು, ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಚಿತ್ರ ಹೇಳಿಕೊಡ್ತಾ ಇದೀನಿ, ಕಥೆನ ಚಿತ್ರದಲ್ಲಿ ಹೇಗೆ ಹೇಳೋದು ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ಕೈಗೆ ಕೊಡೋದು ಇದೇ ಪುಸ್ತಕ.

ಪುಸ್ತಕ ಯಾವುದು ಅಂದ್ರೆ ‘ದಿ ಅಮೇಜಿಂಗ್ ಸ್ಪೈಡರ್-ಮ್ಯಾನ್’ ಅನ್ನೋ ಅಮೆರಿಕದ ಕಾಮಿಕ್ಸ್‌ನ 33ನೇ ಸಂಚಿಕೆ. ಕವರ್ ಮೇಲೆ ಇರೋ ತಿಂಗಳು 1966ರ ಫೆಬ್ರವರಿ, ಬೆಲೆ 12 ಸೆಂಟ್, ಕಥೆ 20 ಪುಟ. ಕಥೆ ಹೆಸರು ‘ದಿ ಫೈನಲ್ ಚಾಪ್ಟರ್’. ಚಿತ್ರ ಬರೆದಿದ್ದು ಸ್ಟೀವ್ ಡಿಟ್ಕೋ, ಮಾತು ಬರೆದಿದ್ದು ಸ್ಟಾನ್ ಲೀ. ಸ್ಪೈಡರ್-ಮ್ಯಾನ್ ಹುಟ್ಟಿದ್ದು 1962ರ ಆಗಸ್ಟ್‌ನಲ್ಲಿ, ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೇಲಿ, ಅಂದ್ರೆ ಈ ಪುಸ್ತಕ ಬರೋ ಹೊತ್ತಿಗೆ ಓದುಗರು ಮೂರು ವರ್ಷಕ್ಕಿಂತ ಜಾಸ್ತಿ ಈ ಹುಡುಗನ ಜೊತೆ ಬಂದಿದ್ರು. ಇದನ್ನ ನೆನಪಿಟ್ಕೊಳಿ, ಮುಂದೆ ಬೇಕಾಗುತ್ತೆ.

ಕಥೆ ಬೇಗ ಹೇಳ್ಬಿಡ್ತೀನಿ. ಸ್ಪೈಡರ್-ಮ್ಯಾನ್ ವೇಷದ ಒಳಗಿರೋ ಹುಡುಗ ಪೀಟರ್ ಪಾರ್ಕರ್, ಅವನಿಗೆ ಅಪ್ಪ ಅಮ್ಮ ಇಲ್ಲ. ಸಾಕಿದ್ದು ಅಪ್ಪನ ಅಣ್ಣ ಬೆನ್ ಮತ್ತೆ ಅವರ ಹೆಂಡತಿ ಮೇ. ಇಂಗ್ಲಿಷಲ್ಲಿ ಅಂಕಲ್ ಆಂಟಿ ಅಂತಾರೆ, ನಮ್ಮ ಲೆಕ್ಕದಲ್ಲಿ ದೊಡ್ಡಪ್ಪ ದೊಡ್ಡಮ್ಮ, ನಾನು ಹಾಗೇ ಕರೀತೀನಿ, ಹಾಗೆ ಕರೆದ್ರೆ ನಮಗೆ ಆ ಮನೆ ಹತ್ತಿರ ಆಗುತ್ತೆ. ಬೆನ್ ದೊಡ್ಡಪ್ಪ ಸತ್ತಿದ್ದು ಪೀಟರ್ ತಡೀಬಹುದಾಗಿದ್ದ ಒಬ್ಬ ಕಳ್ಳನ ಕೈಲಿ. ಆಮೇಲೆ 10ನೇ ಸಂಚಿಕೇಲಿ ದೊಡ್ಡಮ್ಮನಿಗೆ ಕಾಯಿಲೆ ಆದಾಗ ಪೀಟರ್ ತನ್ನ ರಕ್ತ ಕೊಡ್ತಾನೆ, ಅವನಿಗೆ ಶಕ್ತಿ ಬಂದಿದ್ದೇ ವಿಕಿರಣ ತುಂಬಿದ ಒಂದು ಜೇಡ ಕಚ್ಚಿ, ಆ ವಿಕಿರಣ ಅವನ ರಕ್ತದಲ್ಲಿದೆ, ಅದೇ ಈಗ ವಿಷ ಆಗಿ ದೊಡ್ಡಮ್ಮ ಆಸ್ಪತ್ರೇಲಿ ಸಾಯೋ ಸ್ಥಿತೀಲಿ ಇದಾರೆ. ಅಂದ್ರೆ ಒಬ್ಬರು ಇವನು ಏನೂ ಮಾಡದೇ ಇದ್ದಿದ್ದಕ್ಕೆ ಹೋದ್ರು, ಇನ್ನೊಬ್ಬರು ಇವನು ಒಳ್ಳೇದು ಮಾಡೋಕೆ ಹೋಗಿದ್ದಕ್ಕೆ ಹೋಗೋ ಹಂಗಿದಾರೆ. ಉಳಿಸೋಕೆ ಐಎಸ್‌ಓ-36 ಅನ್ನೋ ಒಂದು ಔಷಧಿ ಬೇಕು, ಅದನ್ನ ಮಾಸ್ಟರ್ ಪ್ಲ್ಯಾನರ್ ಅಂತ ಹೆಸರಿಟ್ಕೊಂಡ ಅವನ ಹಳೇ ವೈರಿ ಡಾಕ್ಟರ್ ಆಕ್ಟೋಪಸ್‌ನ ಕಡೆಯವರು ಕದ್ದಿದಾರೆ. 31ನೇ ಸಂಚಿಕೇಲಿ ಶುರುವಾದ ಈ ಕಥೆ 32ರ ಕೊನೇಲಿ ಎಲ್ಲಿಗೆ ಬಂದು ನಿಲ್ಲುತ್ತೆ ಅಂದ್ರೆ, ನೀರೊಳಗಿನ ಅಡ್ಡಾದಲ್ಲಿ ಸ್ಪೈಡರ್-ಮ್ಯಾನ್ ಮೇಲೆ ಒಂದು ದೊಡ್ಡ ಯಂತ್ರ ಬಿದ್ದಿದೆ, ಚಾವಣಿ ಸೋರ್ತಾ ಇದೆ, ಔಷಧಿ ಡಬ್ಬಿ ಕಣ್ಣೆದುರಿಗೆ ನೆಲದ ಮೇಲಿದೆ, ಕೈಗೆ ಎಟುಕ್ತಾ ಇಲ್ಲ.

ಇದನ್ನ ಹೇಳ್ತಾ ಇರ್ಬೇಕಾದ್ರೆ ಮುಂದೆ ಕೂತಿದ್ದ ಒಬ್ಬ ಹುಡುಗ ‘ಸಾರ್, ಸಂಜೀವಿನಿ!’ ಅಂದ. ಹೌದು ಕಣಪ್ಪ, ಸಂಜೀವಿನಿನೇ. ಆದ್ರೆ ನಮ್ಮ ಕ್ಯಾಲೆಂಡರ್ ಚಿತ್ರದಲ್ಲಿ ಹನುಮಂತನ ಅಂಗೈ ಮೇಲೆ ಬೆಟ್ಟ ಹೂವಿನ ಬುಟ್ಟಿ ಥರ ಇರುತ್ತೆ, ಅವನು ದೇವರು, ಅವನಿಗೆ ಭಾರ ಆಗ್ಬಾರ್ದು, ಅದೇ ಆ ಚಿತ್ರದ ಅಂದ. ಇಲ್ಲಿ ಡಿಟ್ಕೋಗೆ ಬೇಕಾಗಿರೋದು ಅದರ ಉಲ್ಟಾ, ಓದೋನಿಗೆ ಆ ಭಾರ ತನ್ನ ಬೆನ್ನ ಮೇಲೆ ಬಿದ್ದ ಹಂಗೆ ಆಗ್ಬೇಕು. ಕಾಗದದ ಮೇಲೆ ಭಾರ ಹೇಗೆ ತೋರಿಸ್ತೀರ? ನನ್ನ ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆ ಸುತ್ತಾನೇ.

ಮೊದಲು ಇದು ತಯಾರಾಗ್ತಿದ್ದ ರೀತಿ ಗೊತ್ತಿರ್ಬೇಕು. ಆಗ ಈ ಪುಸ್ತಕ ಹೊರತರ್ತಿದ್ದ ಮಾರ್ವೆಲ್ ಕಂಪನೀಲಿ ಪೂರ್ತಿ ಸ್ಕ್ರಿಪ್ಟ್ ಬರೆದು ಕಲಾವಿದನಿಗೆ ಕೊಡೋ ಪದ್ಧತಿ ಇರ್ಲಿಲ್ಲ. ಕಲಾವಿದ ಪುಟಗಳನ್ನ ಮೊದಲು ಬಿಡಿಸ್ತಿದ್ದ, ಆಮೇಲೆ ಮಾತು ತುಂಬ್ತಿದ್ರು. ಈ ಪುಸ್ತಕದ ಹೊತ್ತಿಗಂತೂ ಲೀ ಮತ್ತೆ ಡಿಟ್ಕೋ ಒಬ್ಬರಿಗೊಬ್ಬರು ಮಾತಾಡೋದೇ ನಿಂತು ಹೋಗಿತ್ತು, ಕಥೆ ಹೆಣೆಯೋದೂ ಡಿಟ್ಕೋನೇ, ಪುಸ್ತಕದಲ್ಲೂ ಹಾಗೇ ಕ್ರೆಡಿಟ್ ಬರ್ತಿತ್ತು. ಅಂದ್ರೆ ಯಾವ ಘಟನೆಗೆ ಎಷ್ಟು ಪುಟ, ಒಂದು ಪುಟಕ್ಕೆ ಎಷ್ಟು ಚೌಕ, ಯಾವ ಚೌಕ ದೊಡ್ಡದು ಯಾವುದು ಚಿಕ್ಕದು, ಇದೆಲ್ಲ ಒಬ್ಬ ಮನುಷ್ಯ ಒಬ್ಬನೇ ಕೂತು ಮಾಡಿದ ತೀರ್ಮಾನ. ಪೆನ್ಸಿಲ್ಲೂ ಅವನದೇ, ಇಂಕೂ ಅವನದೇ. ಅವನಿಗಿದ್ದಿದ್ದು 20 ಪುಟ. ಅದರಲ್ಲಿ ಮೊದಲ 5 ಪುಟ ಅವನು ಒಂದೇ ಒಂದು ಕೆಲಸಕ್ಕೆ ಕೊಟ್ಟ, ಬಿದ್ದಿರೋ ಮನುಷ್ಯ ಮೇಲೆ ಬಿದ್ದಿರೋ ಕಬ್ಬಿಣ ಎತ್ತೋದು. ಪುಸ್ತಕದ ಕಾಲು ಭಾಗ! ಫೈಟ್ ಇಲ್ಲ, ಎದುರಿಗೆ ವಿಲನ್ ಇಲ್ಲ, ಜಾಗ ಬದಲಾಗಲ್ಲ. ತಿಂಗಳಿಗೊಂದು ಪುಸ್ತಕ ಬರೋ, ಪುಟಪುಟಕ್ಕೂ ಹೊಡೆದಾಟ ಇರ್ಲಿ ಅಂತ ಓದುಗರು ಕಾಯೋ ವ್ಯಾಪಾರದಲ್ಲಿ ಇದನ್ನ ಮಾಡೋಕೆ ಎಷ್ಟು ಧೈರ್ಯ ಬೇಕು ಅಂತ ಯೋಚನೆ ಮಾಡಿ.

ಈಗ ಪುಟಕ್ಕೆ ಬರೋಣ. ಮೊದಲ ಪುಟ ಪೂರ್ತಿ ಒಂದೇ ಚಿತ್ರ, ಯಂತ್ರದ ಅಡಿ ಸಿಕ್ಕಿಬಿದ್ದಿರೋ ಸ್ಪೈಡರ್-ಮ್ಯಾನ್. ಯಂತ್ರ ಅಂದ್ರೆ ಅದು ಯಾವ ಯಂತ್ರ, ಏನು ಕೆಲಸ ಮಾಡುತ್ತೆ ಅಂತ ಗೊತ್ತಾಗೋ ಥರ ಇಲ್ಲ, ಬರೀ ಚಪ್ಪಟೆ ಮೈ, ನೇರ ಗೆರೆ, ಚೂಪು ಮೂಲೆ, ಕಪ್ಪು ಕಪ್ಪು ನೆರಳು. ಅದರ ಕೆಳಗೆ ಬಾಗಿದ ಗೆರೆಗಳ ಒಂದು ಮೈ. ನೇರ ಗೆರೆ ಒತ್ತುತ್ತೆ, ಬಾಗಿದ ಗೆರೆ ಒತ್ತಿಸ್ಕೊಳುತ್ತೆ, ಕಣ್ಣಿಗೆ ಅಷ್ಟು ಸಾಕು. ನಾನು ಮಕ್ಕಳಿಗೆ ಒಂದು ಅಭ್ಯಾಸ ಕೊಡ್ತೀನಿ, ಪುಟದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಚೌಕದ ಅಂಚು ಮತ್ತೆ ಕಪ್ಪು ಇರೋ ಜಾಗ ಇಷ್ಟು ಮಾತ್ರ ತೆಗೀರಿ, ಮನುಷ್ಯನ್ನ ಬಿಡಿಸ್ಬೇಡಿ ಅಂತ. ಹಾಗೆ ತೆಗೆದ ಮೇಲೂ ಆ ಹಾಳೇಲಿ ಭಾರ ಉಳ್ಕೊಂಡಿರುತ್ತೆ. ಒಬ್ಬಳು ಹುಡುಗಿ ಅದನ್ನ ನೋಡಿ ‘ಸಾರ್ ಇದು ಮೇಲಿಂದ ಕೆಳಗೆ ಬರ್ತಾ ಇದೆ’ ಅಂದಿದ್ಲು, ಚಿತ್ರ ಏನೂ ಇಲ್ಲದ ಹಾಳೆ ಅದು.

ಆಮೇಲಿನ ಪುಟಗಳಲ್ಲಿ ಚೌಕಗಳು ಇಕ್ಕಟ್ಟಾಗಿವೆ. ಒಂದು ಸಲ ಎತ್ತೋಕೆ ನೋಡ್ತಾನೆ, ಆಗಲ್ಲ. ಮತ್ತೆ ನೋಡ್ತಾನೆ, ಆಗಲ್ಲ. ನೀರು ತೊಟ್ಟಿಕ್ತಾ ಇರುತ್ತೆ. ಇಲ್ಲಿ ಕಾಮಿಕ್ಸ್‌ಗೆ ಮಾತ್ರ ಸಾಧ್ಯ ಇರೋ ಒಂದು ವಿದ್ಯೆ ಇದೆ. ಸಿನಿಮಾದಲ್ಲಿ ಚೌಕ ಒಂದೇ ಸೈಜು, ಪರದೆ ಹಿಗ್ಗಲ್ಲ ಕುಗ್ಗಲ್ಲ. ಪುಸ್ತಕದಲ್ಲಿ ಚೌಕನೇ ಗೋಡೆ. ಡಿಟ್ಕೋ ಏನು ಮಾಡಿದಾನೆ ಅಂದ್ರೆ ಯಂತ್ರನೂ ಸ್ಪೈಡರ್-ಮ್ಯಾನ್‌ನ ಅದುಮ್ತಾ ಇದೆ, ಚೌಕದ ಗೆರೆನೂ ಅದುಮ್ತಾ ಇದೆ, ಎರಡೂ ಸೇರಿ ನಮಗೆ ಉಸಿರು ಕಟ್ಟೋ ಹಂಗೆ ಮಾಡುತ್ತೆ, ಯಾಕೆ ಕಟ್ತಾ ಇದೆ ಅಂತ ಓದ್ತಾ ಇರೋ ಹತ್ತು ವರ್ಷದ ಹುಡುಗನಿಗೆ ಗೊತ್ತಾಗಲ್ಲ, ಗೊತ್ತಾಗೋದೂ ಬೇಡ. ಅವನು ಒಂದೊಂದೇ ಇಂಚು ಮೇಲೆ ಏಳ್ತಾ ಹೋದ ಹಂಗೆ ಚೌಕಗಳು ದೊಡ್ಡದಾಗ್ತಾ ಹೋಗ್ತವೆ. ಅವನು ಗಳಿಸಿದ ಜಾಗ ಪುಟದಲ್ಲೇ ಕಾಣುತ್ತೆ, ಸ್ಕೇಲ್ ಇಟ್ಟು ಅಳೀಬಹುದು.

ಎರಡು ಚೌಕದ ಮಧ್ಯೆ ಒಂದು ಬಿಳಿ ಪಟ್ಟಿ ಇರುತ್ತಲ್ಲ, ಅದನ್ನೂ ನೋಡಿ. ಒಂದು ಚೌಕದಲ್ಲಿ ಭುಜ ಇಲ್ಲಿದೆ, ಮುಂದಿನದ್ರಲ್ಲಿ ಅಲ್ಲಿದೆ. ಮಧ್ಯದ ಆ ಶ್ರಮ ಎಲ್ಲಿದೆ? ಬಿಡಿಸೇ ಇಲ್ಲ. ಅದನ್ನ ನಾವು ಮಾಡ್ಬೇಕು, ನಾವೇ ಮಾಡ್ತೀವಿ. ಬಿಳಿ ಪಟ್ಟೀಲಿ ಎತ್ತೋನು ಓದುಗ.

ಇನ್ನು ಮುಖದ ವಿಷಯ. ನಮ್ಮ ಕಡೆ ನನ್ನ ವಯಸ್ಸಿನವರೆಲ್ಲ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ನೋಡ್ಕೊಂಡು ಬೆಳೆದವರು, ಅದು ಶುರುವಾಗಿದ್ದು 1964ರಲ್ಲಿ. ಫ್ಯಾಂಟಮ್‌ಗೆ ಮುಖವಾಡದಲ್ಲಿ ಕಣ್ಣು ಬಿಳಿ, ಆದ್ರೆ ಬಾಯಿ ದವಡೆ ಕಾಣುತ್ತೆ, ಹಲ್ಲು ಕಚ್ಚಿದ್ದು ತೋರಿಸ್ಬಹುದು. ಬ್ಯಾಟ್‌ಮ್ಯಾನ್‌ಗೂ ಅಷ್ಟೇ. ಸ್ಪೈಡರ್-ಮ್ಯಾನ್‌ಗೆ ಮುಖ ಪೂರ್ತಿ ಮುಚ್ಚಿದೆ, ಒಂದು ಇಂಚು ಚರ್ಮ ಕಾಣಲ್ಲ. ಒಳಗಿರೋದು ಎಳೇ ಹುಡುಗನ ಮುಖ, ಅದು ಕಾಣಬಾರದು, ಜೊತೆಗೆ ಒಂದು ನಿಗೂಢತೆನೂ ಇರಲಿ ಅಂತ ಡಿಟ್ಕೋನೇ ಹಾಗೆ ಮಾಡಿದ್ದು. ಈಗ ಅದೇ ತೀರ್ಮಾನ ಅವನ ಎದುರಿಗೇ ಬಂದು ನಿಂತಿದೆ, ಈ ಕಥೇಲಿ ಅತೀ ನೋವಿನ ಐದು ಪುಟದಲ್ಲಿ ನಟನೆ ಮಾಡೋಕೆ ಅವನಿಗೆ ಮುಖನೇ ಇಲ್ಲ. ಕಣ್ಣೀರಿಲ್ಲ, ಬೆವರಿಲ್ಲ, ಬಾಯಿಲ್ಲ. ಇರೋದು ಬೆನ್ನು, ಕತ್ತು, ಮೊಣಕಾಲು, ಬೆರಳು.

ಬೆರಳು ಅಂದೆ. ಡಿಟ್ಕೋ ಕೈ ಬರೆಯೋ ರೀತಿ ಒಂದು ಸಲ ನೋಡಿದ್ರೆ ಮರೆಯೋಕೆ ಆಗಲ್ಲ, ಪ್ರತಿ ಬೆರಳೂ ಬೇರೆ ಬೇರೆ ದಿಕ್ಕಿಗೆ ಬಾಗಿರುತ್ತೆ, ಬೆರಳುಗಳೇ ಮಾತಾಡ್ತಾ ಇರ್ತವೆ. ಮತ್ತೆ ಆ ಬಲೆಯ ಗೆರೆಗಳು. ಬಟ್ಟೆ ಮೇಲಿರೋ ಜೇಡರ ಬಲೆ ಡಿಸೈನ್ ಅಂದ್ರೆ ನಾವು ಅಲಂಕಾರ ಅನ್ಕೋತೀವಿ, ಆದ್ರೆ ಬಿಡಿಸೋನಿಗೆ ಅದು ಅಳತೆ ಪಟ್ಟಿ. ಎದೆ ಉಬ್ಬಿದ್ರೆ ಗೆರೆ ಬಾಗುತ್ತೆ, ಭುಜ ತಿರುಗಿದ್ರೆ ಗೆರೆ ಒತ್ತಾಗುತ್ತೆ, ಮುಖವಾಡದಲ್ಲಂತೂ ಎಲ್ಲ ಗೆರೆಗಳೂ ಎರಡು ಕಣ್ಣಿನ ಮಧ್ಯದ ಒಂದು ಬಿಂದುವಿಂದ ಹೊರಡ್ತವೆ, ಹಾಗಾಗಿ ಆ ಬಿಂದು ಎಲ್ಲಿದೆ ಅಂತ ನೋಡಿದ್ರೆ ತಲೆ ಎಷ್ಟು ಬಗ್ಗಿದೆ ಅಂತ ಗೊತ್ತಾಗುತ್ತೆ. ಮುಖ ಇಲ್ಲದ ಮುಖಕ್ಕೆ ಡಿಟ್ಕೋ ಕೊಟ್ಟಿರೋ ಭಾವ ಅದು, ತಲೆ ಕೆಳಗೆ ಬಿದ್ದಿದ್ದು, ತಲೆ ಎತ್ತಿದ್ದು, ಅಷ್ಟೇ.

ಮಧ್ಯದಲ್ಲಿ ಒಂದು ಕಡೆ ಅವನ ನೆನಪಲ್ಲಿ ದೊಡ್ಡಪ್ಪನ ಮುಖ, ದೊಡ್ಡಮ್ಮನ ಮುಖ ತೇಲಿ ಬರುತ್ತೆ. ಇಷ್ಟು ಹೊತ್ತು ಮುಖನೇ ಇಲ್ಲದ ಪುಟಗಳು, ಮುಖ ಕಂಡಿದ್ದು ಅಂದ್ರೆ ಅವರಿಬ್ಬರದೇ. ನಾನು ಮೊದಲೇ ಹೇಳಿದ್ನಲ್ಲ, ಓದುಗರು ಮೂರು ವರ್ಷ ಜೊತೆಗೆ ಬಂದಿದ್ರು ಅಂತ, ಅದು ಇಲ್ಲಿ ಕೆಲಸ ಮಾಡುತ್ತೆ. ಹೊಸಬರಿಗೆ ಅದು ಯಾರೋ ಇಬ್ಬರು ವಯಸ್ಸಾದವರು. ಓದ್ಕೊಂಡು ಬಂದವರಿಗೆ ಅಲ್ಲಿಂದ ಮುಂದೆ ಆ ಕಬ್ಬಿಣ ಬರೀ ಕಬ್ಬಿಣ ಆಗಿ ಉಳಿಯಲ್ಲ.

ಐದನೇ ಪುಟ ತಿರುಗಿಸಿದ್ರೆ ಪುಟ ಪೂರ್ತಿ ಒಂದೇ ಚಿತ್ರ. ಎತ್ತಿಬಿಟ್ಟಿದಾನೆ. ಯಂತ್ರ ಮೇಲೆ ಹೋಗಿದೆ, ಕೈ ಚಾಚಿದೆ, ಸುತ್ತ ನೀರು. ಮೊದಲ ಪುಟನೂ ಪೂರ್ತಿ ಚಿತ್ರ, ಐದನೆಯದೂ ಪೂರ್ತಿ ಚಿತ್ರ, ಒಂದ್ರಲ್ಲಿ ಕೆಳಗೆ ಬಿದ್ದಿದಾನೆ ಇನ್ನೊಂದ್ರಲ್ಲಿ ಎದ್ದಿದಾನೆ, ಮಧ್ಯದಲ್ಲಿ ಆ ಇಕ್ಕಟ್ಟು. ನಾನು ಇದನ್ನ ಮೊದಲು ನೋಡಿದ್ದು ಕಾಲೇಜಲ್ಲಿ ಇದ್ದಾಗ, ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶೀಲಿ ಸಿಕ್ಕ ಒಂದು ಮರುಮುದ್ರಣದಲ್ಲಿ, ನಿಂತ್ಕೊಂಡೇ ಓದ್ತಾ ಇದ್ದೆ, ಆ ಪುಟ ತಿರುಗಿಸಿದಾಗ ಅಷ್ಟು ಹೊತ್ತು ಹಿಡ್ಕೊಂಡಿದ್ದ ಉಸಿರು ಬಿಟ್ಟೆ. ಉಸಿರು ಹಿಡ್ಕೊಂಡಿದೀನಿ ಅಂತ ಗೊತ್ತಾಗಿದ್ದೇ ಬಿಟ್ಟಾಗ.

ಮಾತಿನ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ಬಿಡ್ತೀನಿ. ಲೀ ಬರೆದ ಮಾತು ಕೆಲವು ಚೌಕದಲ್ಲಿ ಜಾಸ್ತಿ ಆಗಿದೆ. ಚಿತ್ರದಲ್ಲಿ ಆಗ್ತಾ ಇರೋದನ್ನೇ ಗುಳ್ಳೇಲಿ ಮತ್ತೆ ಹೇಳ್ತಾನೆ. ಅಂಗೈಯಿಂದ ಮಾತಿನ ಗುಳ್ಳೆಗಳನ್ನ ಮುಚ್ಕೊಂಡು ಓದಿ ನೋಡಿ, ಕಥೆ ಒಂದು ಚೂರೂ ಕಮ್ಮಿ ಆಗಲ್ಲ. ಆದ್ರೆ ಲೀಗೆ ಸಲ್ಲಬೇಕಾದ್ದು ಸಲ್ಲಿಸ್ಲೇಬೇಕು, ಆ ಗುಳ್ಳೆಗಳನ್ನ ಓದೋಕೆ ಹೊತ್ತು ಹಿಡಿಯುತ್ತೆ, ಆ ಹೊತ್ತು ನಾವು ಆ ಭಾರದ ಕೆಳಗೇ ಇರ್ತೀವಿ. ಚಿತ್ರ ಮಾತ್ರ ಇದ್ದಿದ್ರೆ ಕಣ್ಣು ಓಡಿಬಿಡ್ತಿತ್ತು. ಮತ್ತೆ ಆ ಹುಡುಗ ತನಗೆ ತಾನೇ ಹೇಳ್ಕೊಳೋ ಮಾತಲ್ಲಿ ಒಂದು ಹಠ ಇದೆ, ಈ ಸಲ ನಾನು ಸೋಲಬಾರದು ಅನ್ನೋದು, ಅದು ಲೀ ಕೊಟ್ಟಿದ್ದೇ. ಒಬ್ಬರಿಗೊಬ್ಬರು ಮಾತು ಬಿಟ್ಟ ಇಬ್ಬರು ಸೇರಿ ಇಂಥದ್ದೊಂದು ಮಾಡಿದಾರಲ್ಲ ಅಂತ ನನಗೆ ಪ್ರತಿ ಸಲ ಓದಿದಾಗಲೂ ಅನ್ಸುತ್ತೆ. ಮುಂದೆ 38ನೇ ಸಂಚಿಕೆ ಮುಗಿಸಿ, 1966ರಲ್ಲೇ, ಡಿಟ್ಕೋ ಮಾರ್ವೆಲ್ ಬಿಟ್ಟು ಹೋದ.

2017ರಲ್ಲಿ ಬಂದ ‘ಸ್ಪೈಡರ್-ಮ್ಯಾನ್: ಹೋಮ್‌ಕಮಿಂಗ್’ ಸಿನಿಮಾ ನೀವೆಲ್ಲ ನೋಡಿರ್ತೀರ. ಅದರಲ್ಲಿ ಕಟ್ಟಡ ಕುಸಿದು ಹುಡುಗ ಅಡಿಗೆ ಸಿಕ್ಕಾಕೊಳೋ ಸೀನ್ ಈ ಪುಟಗಳಿಂದನೇ ಬಂದಿದ್ದು. ಅಲ್ಲಿ ಮುಖವಾಡ ಕಳಚಿರುತ್ತೆ, ಹುಡುಗ ಅಳ್ತಾನೆ, ಯಾರಾದ್ರೂ ಬನ್ನಿ ಅಂತ ಕೂಗ್ತಾನೆ, ಒಳ್ಳೇ ನಟ, ನನಗೂ ಕಣ್ಣು ತುಂಬಿತ್ತು. ಆದ್ರೆ ಅದು ನಟನ ಮುಖದಿಂದ ಬಂದ ಕಣ್ಣೀರು. ಡಿಟ್ಕೋ ಹತ್ರ ಆ ಸೌಲಭ್ಯ ಇರ್ಲಿಲ್ಲ, ಬ್ರಷ್ಷು ಇಂಕು ಸ್ಕೇಲು ಇಷ್ಟೇ ಇದ್ದಿದ್ದು.

ಸುಮಾರು ಜನ ಐದನೇ ಪುಟಕ್ಕೆ ನಿಲ್ಲಿಸ್ತಾರೆ. ಇನ್ನೂ 15 ಪುಟ ಇದೆ, ನನಗೆ ಅವೂ ಅಷ್ಟೇ ಮುಖ್ಯ. ನೀರು ನುಗ್ಗುತ್ತೆ, ಔಷಧಿ ಹಿಡ್ಕೊಂಡು ಈಜಿ ಹೊರಗೆ ಬರ್ಬೇಕು, ಬಂದ್ರೆ ಅಲ್ಲಿ ಮಾಸ್ಟರ್ ಪ್ಲ್ಯಾನರ್‌ನ ಆಳುಗಳು ಕಾಯ್ತಾ ಇದಾರೆ. ಇಲ್ಲಿ ಫೈಟ್ ಇದೆ, ಆದ್ರೆ ಸುಸ್ತಾಗಿರೋ ಮನುಷ್ಯನ ಫೈಟ್, ಹಾರಾಟ ಇಲ್ಲ, ತಮಾಷೆ ಮಾತಿಲ್ಲ, ಗೆಲ್ಲೋ ಖುಷಿನೂ ಇಲ್ಲ, ದಾರಿ ಬಿಡಿ ಅನ್ನೋದು ಅಷ್ಟೇ. ಮುಖ್ಯ ವಿಲನ್ ಜೊತೆ ಕೊನೇ ಹೊಡೆದಾಟ ಅಂತ ಒಂದು ಇಟ್ಟೇ ಇಲ್ಲ. ಅಲ್ಲಿಂದ ಡಾಕ್ಟರ್ ಕಾನರ್ಸ್ ಅನ್ನೋ ವಿಜ್ಞಾನಿ ಹತ್ರ ಹೋಗಿ ಔಷಧಿ ಪರೀಕ್ಷೆ ಮಾಡಿಸಿ, ಅಲ್ಲಿಂದ ಆಸ್ಪತ್ರೆಗೆ. ಕೊಟ್ಟ ಮೇಲೆ ಏನು? ಕಾಯ್ಬೇಕು. ಸೂಪರ್‌ಹೀರೋ ಆದ್ರೂ ಕಾಯ್ಬೇಕು.

ಇದರಲ್ಲಿ ನನ್ನದೊಂದು ವಿಷಯ ಇದೆ. ನಮ್ಮ ಅಜ್ಜಿಗೆ ಕೊನೇ ಸಲ ಆಸ್ಪತ್ರೆಗೆ ಸೇರಿಸಿದಾಗ ರಾತ್ರಿ ಹನ್ನೊಂದಕ್ಕೆ ಒಂದು ಇಂಜೆಕ್ಷನ್ ಬೇಕು ಅಂತ ಚೀಟಿ ಕೊಟ್ರು, ಅಲ್ಲಿನ ಮೆಡಿಕಲ್ಸ್‌ನಲ್ಲಿ ಸ್ಟಾಕ್ ಇಲ್ಲ, ನಾನು ಗಾಡಿ ತಗೊಂಡು ಮೂರು ಅಂಗಡಿ ಸುತ್ತಿ ಐಸ್ ಹಾಕಿದ ಕವರಲ್ಲಿ ತಂದೆ. ತರೋವರೆಗೂ ಏನೋ ಮಾಡ್ತಾ ಇದೀನಿ ಅನ್ನೋ ಬಲ ಇತ್ತು. ನರ್ಸ್ ಕೈಗೆ ಕವರ್ ಕೊಟ್ಟ ಮೇಲೆ ಕಾರಿಡಾರಿನ ಬೆಂಚ್ ಮೇಲೆ ಕೂತಾಗ ಕೈ ನಡುಗೋಕೆ ಶುರುವಾಯ್ತು. ಅಜ್ಜಿ ಆಮೇಲೂ ಎರಡು ವರ್ಷ ಇದ್ರು. ಈ ಪುಸ್ತಕದ ಕೊನೇ ಪುಟಗಳನ್ನ ನಾನು ಸರಿಯಾಗಿ ಓದಿದ್ದು ಆ ರಾತ್ರಿ ಆದ್ಮೇಲೇ. ಕಾಲೇಜಲ್ಲಿ ಓದಿದಾಗ ಐದು ಪುಟ ಮಾತ್ರ ಓದಿದ್ದೆ ಅಂತಾನೇ ಲೆಕ್ಕ.

ಕಾಯೋ ಹೊತ್ತಲ್ಲಿ ಪೀಟರ್ ಏನು ಮಾಡ್ತಾನೆ ಗೊತ್ತಾ, ಪತ್ರಿಕೆ ಆಫೀಸಿಗೆ ಹೋಗಿ ಫೋಟೋ ಮಾರ್ತಾನೆ. ಪತ್ರಿಕೆ ಯಜಮಾನ ಜೇಮ್ಸನ್ ಜೊತೆ ರೇಟಿಗೆ ಚೌಕಾಸಿ ಮಾಡ್ತಾನೆ, ಯಾಕಂದ್ರೆ ದುಡ್ಡು ಬೇಕು. ಕಬ್ಬಿಣ ಎತ್ತಿದ ಅದೇ ದಿನ! ಮುಖದ ಮೇಲೆ ಗಾಯ, ಆ ಗಾಯ ನೋಡಿ ಅದೇ ಆಫೀಸಲ್ಲಿ ಕೆಲಸ ಮಾಡೋ, ಅವನು ಇಷ್ಟಪಟ್ಟಿದ್ದ ಬೆಟ್ಟಿ ಬ್ರ್ಯಾಂಟ್ ಹೆದರಿ ದೂರ ಹೋಗ್ತಾಳೆ. ಅವಳ ಅಣ್ಣ ಗೂಂಡಾಗಳ ಮಧ್ಯೆ ಸಿಕ್ಕಿ ಸತ್ತಿದ್ದ, ಅವಳಿಗೆ ಇನ್ನು ಹೊಡೆದಾಟದ ವಾಸನೆನೇ ಬೇಡ. ಇವನು ತಡೆಯೋದಿಲ್ಲ. ಗಮನಿಸಿ, ಈಗ ಮುಖವಾಡ ಇಲ್ಲ, ಮುಖ ಪೂರ್ತಿ ಕಾಣ್ತಿದೆ, ಅದರಲ್ಲಿ ಡಿಟ್ಕೋ ತೋರಿಸಿರೋದು ಬಳಲಿಕೆ. ಮುಖವಾಡದ ಒಳಗೆ ಇಷ್ಟು ಹೊತ್ತು ಏನಿತ್ತು ಅಂತ ನಮಗೆ ಹೇಳಿದ್ದು ಈಗ, ಎಲ್ಲ ಮುಗಿದ ಮೇಲೆ, ಒಂದು ಆಫೀಸಿನ ಸಾಮಾನ್ಯ ಬೆಳಕಲ್ಲಿ.

ಆಮೇಲೆ ಮತ್ತೆ ಆಸ್ಪತ್ರೆ, ದೊಡ್ಡಮ್ಮ ಬದುಕ್ತಾರೆ ಅನ್ನೋ ಸುದ್ದಿ. ದೊಡ್ಡಮ್ಮ ನಿದ್ದೇಲಿ ಇದಾರೆ, ನೋಡಿ ಹೊರಟು ಹೋಗ್ತಾನೆ. ಅವರಿಗೆ ಏನೂ ಗೊತ್ತಾಗಲ್ಲ. ಚೌಕಗಳು ಮತ್ತೆ ಚಿಕ್ಕದಾಗಿವೆ, ಆದ್ರೆ ಈಗ ಇಕ್ಕಟ್ಟು ಅನ್ನಿಸಲ್ಲ, ಮನೆ ಕೋಣೆ ಥರ ಇವೆ. ಅದೇ ಅಳತೆ, ಬೇರೆ ಅನುಭವ. ಹೇಗೆ ಅಂತ ನಾನು ಎಷ್ಟೋ ಸಲ ಕೂತು ನೋಡಿದೀನಿ, ಕಪ್ಪು ಕಮ್ಮಿ ಆಗಿದೆ, ಯಾವುದೂ ಮೇಲಿಂದ ಒತ್ತುತ್ತಾ ಇಲ್ಲ, ಪೀಟರ್ ನೆಟ್ಟಗೆ ನಿಂತಿದಾನೆ, ಇಷ್ಟೇ ಕಾಣುತ್ತೆ ನನಗೆ.

ಪ್ರಶ್ನೆ ಕೇಳೋ ಹೊತ್ತಲ್ಲಿ ಆರನೇ ಕ್ಲಾಸಿನ ಒಬ್ಬಳು ಎದ್ದು, ಅಲ್ಲಿ ಯಾರೂ ಇರ್ಲಿಲ್ವಲ್ಲ ಸಾರ್, ಮತ್ಯಾಕೆ ಮುಖವಾಡ ಹಾಕ್ಕೊಂಡೇ ಇದ್ದ, ತೆಗೆದಿದ್ರೆ ಉಸಿರಾಡೋಕೆ ಸುಲಭ ಆಗ್ತಿತ್ತಲ್ವಾ ಅಂತ ಕೇಳಿದ್ಲು. ಕೈ ಎರಡೂ ಭಾರ ಹಿಡಿಯೋದ್ರಲ್ಲಿದ್ವು ಕಣಮ್ಮ, ತೆಗೆಯೋಕೆ ಕೈ ಎಲ್ಲಿತ್ತು ಅಂದೆ. ಅವಳು ಮುಂದೆ ಬಂದು ಟೇಬಲ್ ಮೇಲಿದ್ದ ಪುಸ್ತಕದಲ್ಲಿ ನಾಲ್ಕನೇ ಪುಟ ತೆಗೆದು, ಒಂದೊಂದೇ ಚೌಕದಲ್ಲಿ ಕೈ ಎಲ್ಲಿದೆ ಅಂತ ಬೆರಳಿಟ್ಟು ಹುಡುಕ್ತಾ ಕೂತ್ಲು, ಹಾಲ್ ಬಾಗಿಲು ಹಾಕೋವರೆಗೂ.